ಉಬ್ರಾಣಿ ಬಸ್ಸಿನ ಮುಕ್ಕಾಲು ಹನಿ

ಚನ್ನಗಿರಿಯ ಬಸ್ ನಿಲ್ದಾಣಕ್ಕೆ ನಿಜವಾದ ಕಳೆ ಬರುವುದು ಸಂಜೆ ನಾಲ್ಕರ ಮೇಲೆ. ಹೈಸ್ಕೂಲು, ಕಾಲೇಜು ಎಲ್ಲ ಬಿಟ್ಟು, ಹೆಗಲಿಗೆ ಚೀಲ ಹಾಕಿಕೊಂಡ ಹುಡುಗ ಹುಡುಗಿಯರ ದಂಡು ತಮ್ಮ ತಮ್ಮ ಊರಿನ ಬೋರ್ಡು ಹುಡುಕುತ್ತ ಓಡಾಡುತ್ತದೆ. ‘ಅಣ್ಣಾ, ಉಬ್ರಾಣಿಗೆ ಹೋಗುತ್ತಾ?’ ಎಂದು ಕೇಳಿದರೆ ‘ಹತ್ತಮ್ಮ, ಜಾಗ ಐತೆ’ ಎಂಬ ಉತ್ತರ. ಜಾಗ ಇರುವುದಿಲ್ಲ, ಆದರೂ ಹತ್ತುತ್ತಾರೆ. ಬಾಗಿಲ ಬಳಿ ನಿಂತವರ ಕಾಲಿಗೆ ತಾಗುವುದು ಎಂಜಿನ್ನಿನ ನಡುಕ. ಬಸ್ಸು ಇನ್ನೂ ಹೊರಟಿಲ್ಲ, ಎಂಜಿನ್ ಮಾತ್ರ ಓಡುತ್ತಲೇ ಇದೆ.

ಅದು ಹಾಗೆ ಸುಮ್ಮನೆ ಓಡುವುದಕ್ಕೂ ಖರ್ಚಿದೆ. ದೊಡ್ಡ ಬಸ್ಸಿನ ಡೀಸೆಲ್ ಎಂಜಿನ್ ನಿಂತಲ್ಲೇ ಗಂಟೆಗೆ ಒಂದೂವರೆಯಿಂದ ಎರಡು ಲೀಟರಿನವರೆಗೂ ಕುಡಿಯುತ್ತದೆ. ಇಪ್ಪತ್ತು ನಿಮಿಷ ಹೀಗೆ ಗುರುಗುಟ್ಟಿದರೆ ಅರ್ಧ ಲೀಟರು ಒಬ್ಬ ಪ್ರಯಾಣಿಕನನ್ನೂ ಒಂದು ಗೇಣು ಮುಂದೆ ಒಯ್ಯದೆ ಹೊಗೆಯಾಗಿ ಹೋಗುತ್ತದೆ. ಈ ಅರ್ಧ ಲೀಟರಿಗೂ ಕಾಲೇಜಿಗೆ ಹೋಗುವ ಮಗುವಿಗೂ ಏನು ಸಂಬಂಧ ಎಂದು ತಂದೆ ತಾಯಿಗೆ ಅನ್ನಿಸಬಹುದು. ಸಂಬಂಧ ಬಹಳ ಇದೆ.

ಉಬ್ರಾಣಿ ಚನ್ನಗಿರಿ ತಾಲ್ಲೂಕಿನ ಒಂದು ಹೋಬಳಿ ಕೇಂದ್ರ. 1997ರಲ್ಲಿ ದಾವಣಗೆರೆ ಜಿಲ್ಲೆ ಹುಟ್ಟುವವರೆಗೆ ಈ ತಾಲ್ಲೂಕು ಶಿವಮೊಗ್ಗ ಜಿಲ್ಲೆಗೆ ಸೇರಿತ್ತು. ಈಗ ಕಚೇರಿ ಕೆಲಸಕ್ಕೆ ದಾವಣಗೆರೆ, ನೆಂಟಸ್ತನಕ್ಕೆ ಭದ್ರಾವತಿ, ಶಿವಮೊಗ್ಗ, ತರೀಕೆರೆ ಎಂಬಂತಿದೆ. ಕೆಳದಿಯ ರಾಣಿ ಚೆನ್ನಮ್ಮನ ಹೆಸರು ಹೊತ್ತ ಚನ್ನಗಿರಿಯ ಬೆಟ್ಟದ ಕೋಟೆಯನ್ನು ಹಿಂದೆ ಬಿಟ್ಟರೆ ಮೆಕ್ಕೆಜೋಳದ ಹೊಲ, ಅಡಿಕೆ ತೋಟ, ನಡುನಡುವೆ ತೆಂಗು. ಮುಂದೆ ಕುರುಚಲು ಗುಡ್ಡಗಳು, ಕಾಡು. ಮಲೆನಾಡೆಂದು ಕರೆಯಲಾಗದು, ಬಯಲುಸೀಮೆ ಎಂದರೂ ಒಪ್ಪುವುದಿಲ್ಲ. ಅಡಿಕೆಗೆ ನೀರು ಬೇಕು, ಮಳೆ ಅಷ್ಟಿಲ್ಲ. ಆದ್ದರಿಂದಲೇ ಭದ್ರಾ ನದಿಯ ನೀರನ್ನು ಮೇಲೆತ್ತಿ ಕೆರೆಗಳನ್ನು ತುಂಬಿಸುವ ಉಬ್ರಾಣಿ–ಅಮೃತಾಪುರ ಏತ ನೀರಾವರಿ ಯೋಜನೆ ಈ ಭಾಗದ ಜನರ ಬಾಯಲ್ಲಿ ಸದಾ ಇರುವ ಮಾತು. ಇಲ್ಲಿ ನೀರಿಗೂ ಲೆಕ್ಕ, ಡೀಸೆಲಿಗೂ ಲೆಕ್ಕ.

ಕಾಡು ಹತ್ತಿರವಿದೆ ಎಂಬುದನ್ನು ಯಾರೂ ನೆನಪಿಸಬೇಕಾಗಿಲ್ಲ. 2023ರ ಏಪ್ರಿಲ್‌ನಲ್ಲಿ ಚನ್ನಗಿರಿ ತಾಲ್ಲೂಕಿನ ಕಾಡಂಚಿನ ಹಳ್ಳಿಯೊಂದರಲ್ಲಿ ಕಾಡಾನೆಯ ದಾಳಿಗೆ ಯುವತಿಯೊಬ್ಬಳು ಬಲಿಯಾದಳು. ಆ ಆನೆಯನ್ನು ಹಿಡಿಯಲು ಸಕ್ರೆಬೈಲಿನಿಂದ ಪಳಗಿದ ಆನೆಗಳು ಬರಬೇಕಾಯಿತು. ಅಂದಮೇಲೆ ಸಂಜೆಯ ಬಸ್ಸು ತಪ್ಪಿತು, ಕೆಟ್ಟು ನಿಂತಿತು ಎಂದರೆ ಮನೆಯವರ ಎದೆ ಡವಗುಟ್ಟುವುದು ಸಹಜ. ಕತ್ತಲಾಗುವ ಮುಂಚೆ ಊರ ಬಾಗಿಲಲ್ಲಿ ಇಳಿಸುವ ಒಂದು ಬಸ್ಸು ಎಷ್ಟೋ ಮನೆಗಳಲ್ಲಿ ಹೆಣ್ಣುಮಗಳು ಕಾಲೇಜಿಗೆ ಹೋಗಬೇಕೋ ಬೇಡವೋ ಎಂಬುದನ್ನೇ ತೀರ್ಮಾನಿಸುತ್ತದೆ.

ಆ ಬಸ್ಸು ಇರಬೇಕೋ ಬೇಡವೋ ಎಂಬುದನ್ನು ತೀರ್ಮಾನಿಸುವುದರಲ್ಲಿ ಡೀಸೆಲಿನದು ದೊಡ್ಡ ಪಾಲು. ದಿನಕ್ಕೆ 200 ಕಿಲೋಮೀಟರ್ ಓಡುವ ಒಂದು ಬಸ್ಸನ್ನು ತೆಗೆದುಕೊಳ್ಳಿ. ಲೀಟರಿಗೆ ನಾಲ್ಕೂವರೆ ಕಿ.ಮೀ. ಕೊಟ್ಟರೆ ಸುಮಾರು 44 ಲೀಟರು ಬೇಕು. ಐದು ಕಿ.ಮೀ. ಕೊಟ್ಟರೆ 40 ಲೀಟರು ಸಾಕು. ಡೀಸೆಲ್ ಬೆಲೆ 90 ರೂಪಾಯಿ ಎಂದಿಟ್ಟುಕೊಂಡರೆ ವ್ಯತ್ಯಾಸ ದಿನಕ್ಕೆ ಹತ್ತಿರ ಹತ್ತಿರ 400 ರೂಪಾಯಿ. ತಿಂಗಳಿಗೆ 25 ದಿನ ಓಡಿದರೆ ಹತ್ತು ಸಾವಿರ. ಅರ್ಧ ಕಿಲೋಮೀಟರಿನಲ್ಲಿ ವರ್ಷಕ್ಕೆ ಒಂದು ಲಕ್ಷ ಇಪ್ಪತ್ತು ಸಾವಿರ! ಒಂದೇ ಬಸ್ಸನ್ನು ನಂಬಿದ ಮಾಲೀಕನಿಗೆ ಇದು ಟೈರಿನ ಹಣ, ವಿಮೆಯ ಕಂತು. ಹೈಸ್ಕೂಲು ಓದುವವರು ಈ ಲೆಕ್ಕವನ್ನು ತಾವೇ ಬೇರೆ ಬೇರೆ ಅಂಕಿ ಹಾಕಿ ಮಾಡಿ ನೋಡಬಹುದು.

ಶಿವಮೊಗ್ಗ, ದಾವಣಗೆರೆ ಸುತ್ತಿನ ಎಷ್ಟೋ ಹಳ್ಳಿದಾರಿಗಳು ಮೊದಲಿನಿಂದ ಖಾಸಗಿ ಬಸ್ಸುಗಳನ್ನೇ ನೆಚ್ಚಿಕೊಂಡಿವೆ. 2023ರ ಜೂನ್ 11ರಿಂದ ‘ಶಕ್ತಿ’ ಯೋಜನೆಯಲ್ಲಿ ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ಸಿನಲ್ಲಿ ಟಿಕೆಟ್ ಇಲ್ಲ. ಆದರೆ ಸರ್ಕಾರಿ ಬಸ್ಸೇ ಬರದ ಊರಿನಲ್ಲಿ ಆ ಯೋಜನೆಗೆ ಅರ್ಥವಿಲ್ಲ. ಅಲ್ಲಿ ಖಾಸಗಿ ಬಸ್ಸೇ ಗತಿ, ಅದು ಲಾಭವಿಲ್ಲದೆ ಓಡುವುದಿಲ್ಲ.

ಇದಕ್ಕೆ ಪಕ್ಕದ ಜಿಲ್ಲೆಯಲ್ಲೇ ಒಂದು ಕಹಿ ಉದಾಹರಣೆ ಇದೆ. ಚಿಕ್ಕಮಗಳೂರು ಜಿಲ್ಲೆಯ ಕೊಪ್ಪದಲ್ಲಿ, ದುಡಿಯುತ್ತಿದ್ದ ಖಾಸಗಿ ಸಾರಿಗೆ ಕಂಪನಿ ಮುಚ್ಚಿಹೋದಾಗ, 1991ರಲ್ಲಿ ಡ್ರೈವರು, ಕಂಡಕ್ಟರು, ಮೆಕ್ಯಾನಿಕ್ಕುಗಳೇ ಸೇರಿ ಸಹಕಾರ ಸಂಘ ಕಟ್ಟಿ ಬಸ್ಸು ಓಡಿಸಿದರು. ‘ಸಹಕಾರ ಸಾರಿಗೆ’ ಎಂಬ ಹೆಸರು ಮಲೆನಾಡಿನ ಮಕ್ಕಳಿಗೆಲ್ಲ ಪರಿಚಿತ. ವಿದ್ಯಾರ್ಥಿಗಳಿಗೆ ರಿಯಾಯಿತಿ ಕೊಡುತ್ತಿದ್ದ ಈ ಸಂಸ್ಥೆ ಸುಮಾರು ಮೂರು ದಶಕ ನಡೆದು, ಏರುತ್ತಿದ್ದ ಡೀಸೆಲ್ ಬೆಲೆ, ಬಿಡಿಭಾಗ, ವಿಮೆ ಇತ್ಯಾದಿಗಳ ಭಾರ ತಾಳಲಾರದೆ 2020ರಲ್ಲಿ ನಿಂತುಹೋಯಿತು. ದಕ್ಷ ಕೆಲಸಗಾರರಿದ್ದ ಸಂಸ್ಥೆಯ ಗತಿಯೇ ಹೀಗಾದರೆ ಒಂಟಿ ಬಸ್ಸಿನ ಮಾಲೀಕನ ಪಾಡೇನು?

ಬಸ್ಸು ಕೊನೆಗೂ ಚನ್ನಗಿರಿ ಬಿಡುತ್ತದೆ. ಡ್ರೈವರ ಪಕ್ಕದ ದೊಡ್ಡ ಮುಚ್ಚಳದ ಕೆಳಗೆ ಏನಿದೆ ಎಂದು ನೋಡೋಣ. ದೊಡ್ಡ ಬಸ್ಸು ಎಂದರೆ ಬಹುಕಾಲ ಆರು ಸಿಲಿಂಡರಿನ ಎಂಜಿನ್ನೇ. ಟಾಟಾದ್ದಾಗಲಿ, ಅಶೋಕ್ ಲೇಲ್ಯಾಂಡಿನದಾಗಲಿ, ಆರು ಕೊಳವೆಗಳು ಒಂದೇ ಸಾಲಿನಲ್ಲಿ ನಿಂತಿರುತ್ತವೆ. ಟಾಟಾ ಬಸ್ಸುಗಳಲ್ಲಿ ಬರುತ್ತಿದ್ದ ಕಮಿನ್ಸ್ ಎಂಜಿನ್ನಿನ ಒಟ್ಟು ಗಾತ್ರ 5.9 ಲೀಟರು, ಅಂದರೆ ಒಂದೊಂದು ಸಿಲಿಂಡರೂ ಹೆಚ್ಚುಕಡಿಮೆ ಒಂದು ಲೀಟರಿನ ಹಾಲಿನ ಕ್ಯಾನಿನಷ್ಟು. ಇವು ಒಟ್ಟಿಗೆ ಸಿಡಿಯುವುದಿಲ್ಲ. ಒಂದು, ಐದು, ಮೂರು, ಆರು, ಎರಡು, ನಾಲ್ಕು ಎಂಬ ಸರದಿಯಲ್ಲಿ, ಸಮ ಅಂತರದಲ್ಲಿ, ಒಂದರ ಹಿಂದೆ ಒಂದು ಸಿಡಿಯುತ್ತವೆ. ಮೇಲೆ ಹೋಗುವ ಪಿಸ್ಟನ್ನಿನ ತೂಕವನ್ನು ಕೆಳಗೆ ಬರುವ ಪಿಸ್ಟನ್ ಸರಿದೂಗಿಸುತ್ತದೆ. ಆರು ಸಿಲಿಂಡರಿನ ಗಾಡಿ ನಾಲ್ಕರದಕ್ಕಿಂತ ಹಗುರಾಗಿ, ಕುಲುಕದೆ ಎಳೆಯುವುದು ಈ ಕಾರಣಕ್ಕೆ.

ಇಲ್ಲಿ ಇನ್ನೊಂದು ಲೆಕ್ಕ ಸ್ವಾರಸ್ಯವಾಗಿದೆ. ಎಂಜಿನ್ ನಿಮಿಷಕ್ಕೆ 1,500 ಸುತ್ತು ತಿರುಗುತ್ತಿದೆ ಎನ್ನಿ. ಎರಡು ಸುತ್ತಿಗೆ ಒಂದು ಸಲ ಪ್ರತಿ ಸಿಲಿಂಡರಿಗೂ ಡೀಸೆಲ್ ಬೀಳಬೇಕು. ಆರು ಸಿಲಿಂಡರಿಗೂ ಸೇರಿ ನಿಮಿಷಕ್ಕೆ 4,500 ಸಲ, ಗಂಟೆಗೆ 2,70,000 ಸಲ! ಗಂಟೆಗೆ 50 ಕಿ.ಮೀ. ಹೋಗುವ ಬಸ್ಸು ಲೀಟರಿಗೆ ಐದು ಕಿ.ಮೀ. ಕೊಟ್ಟರೆ ಆ ಒಂದು ಗಂಟೆಯಲ್ಲಿ ಹತ್ತು ಲೀಟರು ಸುಟ್ಟಿರುತ್ತದೆ. ಭಾಗಿಸಿದರೆ ಒಂದು ಸಲಕ್ಕೆ ಬೀಳುವುದು ಸುಮಾರು 0.037 ಮಿಲಿಲೀಟರು. ಔಷಧಿ ಬಾಟಲಿಯಿಂದ ಬೀಳುವ ಒಂದು ಹನಿಯ ಮುಕ್ಕಾಲು ಪಾಲು. ನಲವತ್ತು ಐವತ್ತು ಜನರನ್ನು, ಅವರ ಚೀಲ, ಮೂಟೆಗಳನ್ನು ಹೊತ್ತು ಸಾಗಿಸುವುದು ಈ ಮುಕ್ಕಾಲು ಹನಿ.

ಹಳೆಯ ಎಂಜಿನ್ನಿನ ಕಾಯಿಲೆ ಇರುವುದೂ ಇದರಲ್ಲೇ. ಆರರಲ್ಲಿ ಒಂದಕ್ಕೆ ಒಂದು ಹನಿ, ಇನ್ನೊಂದಕ್ಕೆ ಅರ್ಧ ಹನಿ ಬೀಳತೊಡಗುತ್ತದೆ. ಹೆಚ್ಚು ಬಿದ್ದದ್ದು ಪೂರ್ತಿ ಉರಿಯದೆ ಕಪ್ಪು ಹೊಗೆಯಾಗುತ್ತದೆ, ಕಡಿಮೆ ಬಿದ್ದದ್ದು ತನ್ನ ಪಾಲಿನ ಕೆಲಸ ಮಾಡುವುದಿಲ್ಲ. ‘ಗಾಡಿ ಎಳೀತಿಲ್ಲ’ ಎಂದು ಡ್ರೈವರ್ ಇನ್ನಷ್ಟು ಒತ್ತುತ್ತಾನೆ, ಇನ್ನಷ್ಟು ಹೊಗೆ. ನಾಲ್ಕು ಸಿಲಿಂಡರಿನದಾದರೆ ಒಂದು ಸೋತಾಗ ಗಾಡಿ ಎದ್ದು ಬಿದ್ದು ನಡುಗಿ ದೂರು ಹೇಳುತ್ತದೆ. ಆರರದ್ದು ಹಾಗಲ್ಲ. ದೊಡ್ಡ ಸಂಸಾರದಲ್ಲಿ ಒಬ್ಬ ಸೋಮಾರಿ ಇದ್ದ ಹಾಗೆ, ಉಳಿದ ಐದು ಎಳೆದುಕೊಂಡು ಹೋಗುತ್ತವೆ. ಸೋಮಾರಿ ಸಿಗುವ ಹೊತ್ತಿಗೆ ಸಾವಿರಾರು ರೂಪಾಯಿ ಟ್ಯಾಂಕಿನಿಂದ ಇಳಿದಿರುತ್ತದೆ.

ಇದಕ್ಕೆ ಮದ್ದು ಇರುವುದು ಪಟ್ಟಣಗಳಲ್ಲಿರುವ ಡೀಸೆಲ್ ಪಂಪ್ ಸರ್ವಿಸ್ ಅಂಗಡಿಗಳಲ್ಲಿ. ಕರ್ನಾಟಕಕ್ಕೂ ಈ ಪಂಪಿಗೂ ಹಳೆಯ ನಂಟು. 1951ರಲ್ಲಿ ಸ್ಥಾಪನೆಯಾದ ಬೆಂಗಳೂರಿನ ಮೈಕೊ ಕಾರ್ಖಾನೆ ದೇಶದ ಲಾರಿ, ಬಸ್ಸು, ಟ್ರ್ಯಾಕ್ಟರುಗಳಿಗೆ ಇಂಧನ ಪಂಪು, ನಾಝಲ್, ಸ್ಪಾರ್ಕ್ ಪ್ಲಗ್ಗುಗಳನ್ನು ಒದಗಿಸಿತು. 2008ರಲ್ಲಿ ಕಂಪನಿಯ ಹೆಸರು ಬಾಷ್ ಎಂದಾಯಿತು, ಮೆಕ್ಯಾನಿಕ್ಕುಗಳ ಬಾಯಲ್ಲಿ ಅದು ಮೈಕೊ ಪಂಪೇ. ಅಂಗಡಿಯಲ್ಲಿ ಪಂಪನ್ನು ಪರೀಕ್ಷೆಯ ಬೆಂಚಿಗೆ ಕಟ್ಟಿ ತಿರುಗಿಸುತ್ತಾರೆ. ಎದುರಿಗೆ ಸಾಲಾಗಿ ಆರು ಗಾಜಿನ ಅಳತೆ ಕೊಳವೆಗಳು. ಇಂತಿಷ್ಟು ಸಲ ತಳ್ಳಿದ ಮೇಲೆ ಆರರಲ್ಲೂ ಎಣ್ಣೆ ಒಂದೇ ಮಟ್ಟಕ್ಕೆ ನಿಲ್ಲಬೇಕು. ಹೆಚ್ಚುಕಡಿಮೆ ಇದ್ದರೆ ತಿದ್ದಿ ಮತ್ತೆ ತಿರುಗಿಸುತ್ತಾರೆ. ನಾಝಲ್‌ಗಳ ಪರೀಕ್ಷೆ ಬೇರೆ. ಹಳೆಯ ಎಂಜಿನ್ನಿನ ನಾಝಲ್ ವಾತಾವರಣದ ಸುಮಾರು 200 ಪಟ್ಟು ಒತ್ತಡಕ್ಕೆ ತೆರೆದು, ಮಂಜಿನಂತೆ ಸಿಂಪಡಿಸಬೇಕು. ತೊಟ್ಟಿಕ್ಕಬಾರದು. ವಿಜ್ಞಾನದ ಮೇಷ್ಟರು ಮಕ್ಕಳನ್ನು ಒಮ್ಮೆ ಇಂಥ ಅಂಗಡಿಗೆ ಕರೆದೊಯ್ದರೆ ಒತ್ತಡದ ಪಾಠವನ್ನು ಬೇರೆ ಹೇಳಬೇಕಾಗಿಲ್ಲ.

ಪಂಪು ಸರಿಯಾದರೂ ಉಳಿದದ್ದು ಕೆಟ್ಟಿದ್ದರೆ ಪ್ರಯೋಜನವಿಲ್ಲ. ಈ ಮಣ್ಣು ದಾರಿಯ ದೂಳಿಗೆ ಏರ್ ಫಿಲ್ಟರ್ ಬೇಗ ಕಟ್ಟುತ್ತದೆ. ಗಾಳಿ ಕಡಿಮೆಯಾದರೆ ಮತ್ತೆ ಕಪ್ಪು ಹೊಗೆ. ಹೊಗೆ ನೀಲಿಯಾಗಿದ್ದರೆ ಎಂಜಿನ್ ಆಯಿಲ್ ಸುಡುತ್ತಿದೆ ಎಂದರ್ಥ, ಅದಕ್ಕೆ ಪಂಪಿನವನು ಏನೂ ಮಾಡಲಾರ. ಕವಾಟಗಳ ಟ್ಯಾಪೆಟ್ ಸಂದನ್ನು ಗೇಜ್ ಇಟ್ಟು ಹೊಂದಿಸಬೇಕು, ಕಿವಿಯಲ್ಲಿ ಕೇಳಿ ಅಲ್ಲ. ಟೈರಿನ ಗಾಳಿ ನೋಡಬೇಕು. ಬ್ರೇಕು ಪೂರ್ತಿ ಬಿಡದೆ ಸವರುತ್ತಿದ್ದರೆ ಆ ಚಕ್ರದ ಡ್ರಮ್ಮು ಉಳಿದವಕ್ಕಿಂತ ಬಿಸಿಯಾಗಿರುತ್ತದೆ, ಹತ್ತಿರ ಕೈ ಒಯ್ದರೇ ಗೊತ್ತಾಗುತ್ತದೆ.

ಇವೆಲ್ಲ ಬಲ್ಲವರೂ ಮಾಡುವ ಒಂದು ತಪ್ಪಿದೆ. ಬೇಸಿಗೆಯಲ್ಲಿ ಎಂಜಿನ್ ಕಾಯುತ್ತದೆ ಎಂದು ಹೆದರಿ, ನೀರಿನ ದಾರಿಯಲ್ಲಿರುವ ಥರ್ಮೋಸ್ಟಾಟ್ ಎಂಬ ಪುಟ್ಟ ಕವಾಟವನ್ನು ಕಿತ್ತು ಎಸೆಯುವುದು ನಮ್ಮ ಕಡೆಯ ಗ್ಯಾರೇಜುಗಳ ಹಳೆಯ ಚಾಳಿ. ಎಂಜಿನ್ ಬೇಕಾದಷ್ಟು ಬಿಸಿಯಾಗುವ ತನಕ ನೀರು ರೇಡಿಯೇಟರಿಗೆ ಹೋಗದಂತೆ ತಡೆಯುವುದು ಅದರ ಕೆಲಸ. ಅದಿಲ್ಲದಿದ್ದರೆ ಎಂಜಿನ್ ಸದಾ ತಣ್ಣಗೇ ಓಡುತ್ತದೆ. ತಣ್ಣನೆಯ ಎಂಜಿನ್ನಿನಲ್ಲಿ ಡೀಸೆಲ್ ಚೆನ್ನಾಗಿ ಉರಿಯದು, ಆಯಿಲ್ ಮಂದವಾಗಿಯೇ ಉಳಿಯುತ್ತದೆ, ಸವೆತವೂ ಹೆಚ್ಚು. ಕಾಯುವುದಕ್ಕೆ ಮದ್ದು ರೇಡಿಯೇಟರ್ ತೊಳೆಸುವುದು, ಫ್ಯಾನ್ ಬೆಲ್ಟು ಬಿಗಿ ಮಾಡಿಸುವುದು. ಜ್ವರ ಬರುತ್ತದೆಂದು ಹೆದರಿ ಮಗುವನ್ನು ದಿನವಿಡೀ ತಣ್ಣೀರಿನಲ್ಲಿ ಕೂರಿಸುವುದುಂಟೆ?

ಬಸ್ಸು ಈಗ ಹಳ್ಳಿಗಳನ್ನು ದಾಟುತ್ತಿದೆ. ಒಂದು ಕಡೆ ಇಬ್ಬರು, ಅಲ್ಲಿಂದ ಒಂದು ಫರ್ಲಾಂಗಿಗೆ ಒಬ್ಬಳು ಅಜ್ಜಿ, ಮತ್ತೆ ಕೈ ತೋರಿಸುವವರು. ಹಂಪುಗಳಂತೂ ಎಣಿಸಲಾರದಷ್ಟು. ಪ್ರತಿ ಸಲ ನಿಂತಾಗಲೂ ಹತ್ತು ಹನ್ನೆರಡು ಟನ್ನಿನ ವೇಗವೆಲ್ಲ ಬ್ರೇಕಿನಲ್ಲಿ ಬಿಸಿಯಾಗಿ ಕರಗುತ್ತದೆ, ಹೊರಟಾಗ ಅದನ್ನು ಡೀಸೆಲಿನಿಂದ ಮತ್ತೆ ಕೊಳ್ಳಬೇಕು. ಮುಂದೆ ಹಂಪು ಕಂಡ ಕೂಡಲೇ ಕಾಲು ತೆಗೆಯುವ ಡ್ರೈವರಿಗೂ, ಹಂಪಿನ ತಲೆಯ ಮೇಲೆ ಬ್ರೇಕು ಒತ್ತುವವನಿಗೂ ಸಂಜೆಯ ಹೊತ್ತಿಗೆ ಲೀಟರುಗಟ್ಟಲೆ ಅಂತರ. ಸಾರಿಗೆ ನಿಗಮದ ಡಿಪೋಗಳಲ್ಲಿ ಪ್ರತಿ ಡ್ರೈವರಿನ ಕೆಎಂಪಿಎಲ್, ಅಂದರೆ ಲೀಟರಿಗೆ ಎಷ್ಟು ಕಿಲೋಮೀಟರ್ ಎಂಬುದನ್ನು ಬರೆದಿಡುವುದು ಸುಮ್ಮನೆ ಅಲ್ಲ. ಅದೇ ಬಸ್ಸು, ಅದೇ ರೂಟು, ಇಬ್ಬರ ಕಾಲು ಬೇರೆ.

ಆರು ಸಿಲಿಂಡರಿನ ದೊಡ್ಡ ಗುಣ ಕಡಿಮೆ ಸುತ್ತಿನಲ್ಲೇ ಎಳೆಯುವ ಶಕ್ತಿ. ಎಂಜಿನ್ನನ್ನು ಕಿರುಚಿಸದೆ 1,400, 1,500 ಸುತ್ತಿನಲ್ಲೇ ಮೇಲಿನ ಗೇರಿಗೆ ಹೋಗುವುದು ಜಾಣತನ. ಮೀಟರಿನಲ್ಲಿ ಹಸಿರು ಪಟ್ಟಿ ಬಳಿದಿರುವುದು ಇದಕ್ಕೇ. ಗುಡ್ಡ ಇಳಿಯುವಾಗ ನ್ಯೂಟ್ರಲ್ ಹಾಕಿ ಬಿಟ್ಟರೆ ಡೀಸೆಲ್ ಉಳಿಯುತ್ತದೆ ಎಂಬ ನಂಬಿಕೆ ಮಾತ್ರ ಪೂರ್ತಿ ತಪ್ಪು. ಗೇರಿನಲ್ಲೇ ಇಟ್ಟು ಆಕ್ಸಿಲರೇಟರಿನಿಂದ ಕಾಲು ತೆಗೆದರೆ ಚಕ್ರಗಳೇ ಎಂಜಿನ್ನನ್ನು ತಿರುಗಿಸುತ್ತವೆ, ಪಂಪು ಡೀಸೆಲ್ ಕೊಡುವುದನ್ನೇ ನಿಲ್ಲಿಸುತ್ತದೆ. ನ್ಯೂಟ್ರಲ್‌ನಲ್ಲಿ ಎಂಜಿನ್ ಆರದಂತೆ ಕೊಡುತ್ತಲೇ ಇರಬೇಕು. ಮೇಲಾಗಿ ಎಂಜಿನ್ನಿನ ಹಿಡಿತವಿಲ್ಲದ ತುಂಬಿದ ಬಸ್ಸು ಬ್ರೇಕು ಒಂದನ್ನೇ ನಂಬಿ ಇಳಿಯುತ್ತದೆ. ಉಳಿತಾಯವೂ ಇಲ್ಲ, ಜೀವಕ್ಕೂ ಭಯ.

ಇಂಧನದ ಬವಣೆ ಈ ಸೀಮೆಗೆ ಹೊಸದಲ್ಲ. ಎರಡನೇ ಮಹಾಯುದ್ಧದ ಕಾಲದಲ್ಲಿ ಪೆಟ್ರೋಲಿಗೆ ಪಡಿತರ ಬಂದಾಗ ಮೈಸೂರು ಸಂಸ್ಥಾನದ ಬಸ್ಸುಗಳು ಬೆನ್ನಿಗೆ ಒಲೆ ಕಟ್ಟಿಕೊಂಡು ಇದ್ದಿಲಿನ ಗ್ಯಾಸಿನಲ್ಲಿ ಓಡಿದವು. ಬೆಳಿಗ್ಗೆ ಎದ್ದು ಕ್ಲೀನರ್ ಗಾಳಿಚಕ್ರ ತಿರುಗಿಸಿ ಒಲೆ ಹೊತ್ತಿಸಬೇಕು. ಪೆಟ್ರೋಲಿನಲ್ಲಿ ಸಿಗುತ್ತಿದ್ದ ಶಕ್ತಿಯಲ್ಲಿ ಮೂರನೇ ಒಂದು ಪಾಲಿಗೂ ಹೆಚ್ಚು ಖೋತಾ. ಏರು ಬಂದರೆ ಪ್ರಯಾಣಿಕರು ಇಳಿದು ತಳ್ಳುತ್ತಿದ್ದ ಕತೆಗಳನ್ನು ಹಳಬರು ನಗುತ್ತ ಹೇಳುತ್ತಿದ್ದರು. ಆ ಕಾಲದ ಷೆವರ್ಲೆ, ಡಾಡ್ಜ್, ಪ್ಲಿಮತ್ ಕಾರುಗಳೂ ಆರು ಸಿಲಿಂಡರಿನವೇ. 1940ರ ದಶಕದ ಷೆವರ್ಲೆಯ ಎಂಜಿನ್ ಮೂರೂವರೆ ಲೀಟರಿನದು. ಪೆಟ್ರೋಲ್ ಅಗ್ಗವಿದ್ದಾಗ ಅವು ತೋಟದ ಧಣಿಗಳ ಮನೆಯಲ್ಲಿ ಮೆರೆದವು. ದುಬಾರಿಯಾದ ಮೇಲೆ ಎಷ್ಟೋ ಕಾರುಗಳ ಎಂಜಿನ್ ಕಿತ್ತು ಡೀಸೆಲ್ ಕೂರಿಸಿದರು, ಉಳಿದವು ಷೆಡ್ಡು ಸೇರಿದವು.

ಈಗಲೂ ಆರು ಸಿಲಿಂಡರಿನ ಹಳೆಯ ಪೆಟ್ರೋಲ್ ಕಾರನ್ನು ದಿನಾ ಓಡಿಸುವ ಆಸೆ ಇರುವವರಿದ್ದಾರೆ. ಸೆಕೆಂಡ್ ಹ್ಯಾಂಡಿನಲ್ಲಿ ದೊಡ್ಡ ವಿದೇಶಿ ಕಾರು ಅಗ್ಗಕ್ಕೆ ಸಿಗುತ್ತದೆಂದು ಮಗ ಹಟ ಹಿಡಿದರೆ ತಂದೆ ಲೆಕ್ಕ ಹಾಕಲೇಬೇಕು. ಅಲ್ಲೂ ಸೂತ್ರ ಬಸ್ಸಿನದೇ: ಮೊದಲು ಆರೂ ಸಿಲಿಂಡರಿನ ಒತ್ತಡ ಅಳೆಯಿಸಿ, ಆರೂ ಪ್ಲಗ್ಗನ್ನು ಬಿಚ್ಚಿ ಸಾಲಾಗಿ ಇಟ್ಟು ನೋಡುವುದು. ಆರೂ ತೆಳು ಕಂದು ಬಣ್ಣದಲ್ಲಿದ್ದರೆ ಸರಿ. ಒಂದು ಮಸಿ ಹಿಡಿದಿದ್ದರೆ ಆ ಸಿಲಿಂಡರಿನಲ್ಲಿ ತೊಂದರೆ, ಆರೂ ಮಸಿಯಾಗಿದ್ದರೆ ಕಾರ್ಬ್ಯುರೇಟರು ಅಥವಾ ಹೊಸದಾದರೆ ಆಮ್ಲಜನಕದ ಸೆನ್ಸರು. ಇಗ್ನಿಷನ್ ಟೈಮಿಂಗ್, ಥರ್ಮೋಸ್ಟಾಟ್, ಬ್ರೇಕು, ಟೈರು ಆಮೇಲೆ. ಇಷ್ಟು ಮಾಡಿ, 45ರಿಂದ 55 ಕಿ.ಮೀ. ವೇಗದಲ್ಲಿ ಸಾವಧಾನವಾಗಿ ಓಡಿಸಿದರೆ ಅದು ಕಳೆದುಕೊಂಡಿದ್ದ ಮೈಲೇಜು ಮರಳಿ ಬರುತ್ತದೆ. ಸಣ್ಣ ಕಾರಿನ ಮೈಲೇಜು ಬರುವುದಿಲ್ಲ. ಪೈಪಿಗೆ ಅಯಸ್ಕಾಂತ ಕಟ್ಟಿ, ಟ್ಯಾಂಕಿಗೆ ಗುಳಿಗೆ ಹಾಕಿ ಅದನ್ನು ಬರಿಸುತ್ತೇವೆ ಎನ್ನುವವರನ್ನು ಹೊಸ್ತಿಲಾಚೆಗೇ ಕಳಿಸಬೇಕು.

ಪೆಟ್ರೋಲ್ ಕಾರಿಗೆ ಈಚೆಗೆ ಇನ್ನೊಂದು ಸಂಗತಿ ಸೇರಿದೆ. 2025ರ ಹೊತ್ತಿಗೆ ದೇಶದ ಬಂಕುಗಳಲ್ಲಿ ಶೇಕಡಾ 20ರಷ್ಟು ಎಥನಾಲ್ ಬೆರೆಸಿದ ಪೆಟ್ರೋಲ್ ಸಾಮಾನ್ಯವಾಯಿತು. ಎಥನಾಲಿನಲ್ಲಿ ಪೆಟ್ರೋಲಿನ ಮೂರನೇ ಎರಡು ಪಾಲು ಮಾತ್ರ ಶಕ್ತಿ. ಆದ್ದರಿಂದ ಬೆರಕೆಯ ಪ್ರತಿ ಲೀಟರಿನಲ್ಲೂ ಸುಮಾರು ಏಳು ಶೇಕಡಾ ಕಡಿಮೆ. ಹಳೆಯ ಕಾರಿನ ರಬ್ಬರ್ ಪೈಪು, ಗ್ಯಾಸ್ಕೆಟ್ಟುಗಳನ್ನು ಅದು ಮೆತ್ತಗೂ ಮಾಡುತ್ತದೆ, ಹಾಗಾಗಿ ಅವನ್ನು ಮೊದಲೇ ಬದಲಿಸುವುದು ಕ್ಷೇಮ. ಆ ಎಥನಾಲಿಗೆ ಈಗ ಕಬ್ಬಿನ ಜೊತೆ ಮೆಕ್ಕೆಜೋಳವೂ ಹೋಗುತ್ತಿದೆ. ಈ ಕಿಟಕಿಯಾಚೆ ಕಾಣುವ ಬೆಳೆಗೆ ಸಿಗುವ ಬೆಲೆಯೂ ಅದೇ ಬಂಕಿನ ಜೊತೆ ತಳಕು ಹಾಕಿಕೊಂಡಿದೆ. ತಂದೆ ರೈತನಾಗಿ ಒಂದು ಹೇಳಿದರೆ ಮಗ ಕಾರಿನವನಾಗಿ ಇನ್ನೊಂದು ಹೇಳುವ ಪರಿಸ್ಥಿತಿ.

ಹಳೆಯ ಬಸ್ಸುಗಳ ದಿನಗಳೂ ಎಣಿಕೆಯವೇ. 15 ವರ್ಷ ದಾಟಿದ ಸರ್ಕಾರಿ ವಾಹನಗಳ ನೋಂದಣಿ 2023ರ ಏಪ್ರಿಲ್ 1ರಿಂದ ರದ್ದಾಗುತ್ತ ಬಂದಿದೆ, ಸಾರಿಗೆ ನಿಗಮಗಳ ಬಸ್ಸುಗಳೂ ಅದರಲ್ಲಿ ಸೇರಿವೆ. 2020ರ ಬಿಎಸ್-6 ನಿಯಮದ ನಂತರದ ಬಸ್ಸುಗಳಲ್ಲಿ ಮುಕ್ಕಾಲು ಹನಿಯನ್ನು ಅಳೆಯುವುದು ಕಂಪ್ಯೂಟರು. ಎಷ್ಟೋ ಮಾದರಿಗಳಲ್ಲಿ ನಾಲ್ಕೇ ಸಿಲಿಂಡರು. ಒಳ್ಳೆಯದೇ. ಆದರೆ ಹೊಸ ಬಸ್ಸು ಮೊದಲು ಓಡುವುದು ಹೆದ್ದಾರಿಯಲ್ಲಿ. ಹಳ್ಳಿದಾರಿಗೆ ಇಳಿಯುವುದು ಅಲ್ಲಿ ದುಡಿದು ದಣಿದ ಮೇಲೆ. ಫಿಟ್‌ನೆಸ್ ಪತ್ರ ಸಿಗುವ ತನಕ ಖಾಸಗಿಯವರ ಹಳೆಯ ಗಾಡಿಗಳು ಇಂಥ ರೂಟುಗಳಲ್ಲಿ ಇರುತ್ತವೆ. ಅವನ್ನು ನೋಡಿಕೊಳ್ಳಬಲ್ಲ ಕೈಗಳೂ ಬೇಕು. ಡೀಸೆಲ್ ಮೆಕ್ಯಾನಿಕ್ ಕೋರ್ಸು ಐಟಿಐಗಳಲ್ಲಿದೆ, ಹತ್ತನೇ ತರಗತಿ ಮುಗಿಸಿದವರು ಸೇರಬಹುದು. ಅಂಕ ಕಡಿಮೆ ಬಂತೆಂದು ಅದಕ್ಕೆ ಕಳಿಸುವ ಬದಲು, ಕೈ ಚುರುಕಿದೆ ಎಂದು ಕಳಿಸುವ ಪೋಷಕರು ಇನ್ನೂ ಕಡಿಮೆ.

ಹಳ್ಳಿಯಲ್ಲಿ ರಾತ್ರಿ ತಂಗುವ ಬಸ್ಸಿಗೆ ಹಾಲ್ಟಿಂಗ್ ಬಸ್ ಎನ್ನುತ್ತಾರೆ. ಬೆಳಗಿನ ಮೊದಲ ಟ್ರಿಪ್ಪು ಅದರದೇ, ಚನ್ನಗಿರಿಯ ತರಗತಿಗಳಿಗೆ ಹೋಗುವವರು ಹತ್ತುವುದೂ ಅದನ್ನೇ. ಚಳಿಗಾಲದ ಬೆಳಿಗ್ಗೆ ಸ್ಟಾರ್ಟ್ ಮಾಡಿದ ಕೂಡಲೇ ಬಿಳಿ ಹೊಗೆ ಬರುತ್ತದೆ, ತಣ್ಣನೆಯ ಸಿಲಿಂಡರಿನಲ್ಲಿ ಉರಿಯದ ಡೀಸೆಲ್ ಅದು. ಕಾಯಲಿ ಎಂದು ಅರ್ಧ ಗಂಟೆ ನಿಂತಲ್ಲೇ ಗುರುಗುಟ್ಟಿಸುವವರಿದ್ದಾರೆ. ಬಲ್ಲ ಡ್ರೈವರ್ ಹಾಗೆ ಮಾಡುವುದಿಲ್ಲ. ಒಂದೆರಡು ನಿಮಿಷ ಬಿಟ್ಟು, ಆಯಿಲಿನ ಒತ್ತಡ, ಬ್ರೇಕಿನ ಗಾಳಿಯ ಮುಳ್ಳು ಮೇಲೇರಿದ್ದನ್ನು ನೋಡಿ, ಮೆಲ್ಲಗೆ ಎರಡನೇ ಗೇರಿನಲ್ಲಿ ಊರು ದಾಟಿಸುತ್ತಾನೆ. ನಿಂತು ಬಿಸಿಯಾಗುವುದಕ್ಕಿಂತ ನಡೆದು ಬಿಸಿಯಾಗುವುದು ಎಂಜಿನ್ನಿಗೆ ಬೇಗ. ಮೂರನೇ ನಿಲುಗಡೆಯ ಹೊತ್ತಿಗೆ ಬಿಳಿ ಹೊಗೆ ನಿಂತಿರುತ್ತದೆ, ಸೀಟುಗಳು ತುಂಬಿರುತ್ತವೆ.